ಪುಣ್ಯಕ್ಷೇತ್ರಕ್ಕೆ ದಾರಿ ತೋರುವ ಫಲಕ: ಅರ್ಜಿ ಯಾರಿಗೆ, ಹೇಗೆ?

ದೂರದ ಊರಿನಿಂದ ಬಸ್ಸು ಮಾಡಿಕೊಂಡು ಬರುವ ಯಾತ್ರಿಕರು ಹೆದ್ದಾರಿಯಲ್ಲಿ ತಿರುವು ತಪ್ಪಿಸಿಕೊಳ್ಳುವುದನ್ನು ನಾವೆಲ್ಲ ನೋಡಿದ್ದೇವೆ. ಚಾಲಕ ಕೊನೆಯ ಕ್ಷಣದಲ್ಲಿ ಬ್ರೇಕ್ ಹಾಕುತ್ತಾನೆ, ಹಿಂದಿನಿಂದ ಬರುವ ದ್ವಿಚಕ್ರ ಸವಾರನ ಜೀವಕ್ಕೆ ಅಪಾಯ ಎದುರಾಗುತ್ತದೆ. ಆದುದರಿಂದ ದಾರಿ ಫಲಕವನ್ನು ಪ್ರಚಾರದ ವಸ್ತುವೆಂದು ಭಾವಿಸದೆ, ರಸ್ತೆ ಸುರಕ್ಷತೆಯ ಸಾಧನವೆಂದು ತಿಳಿಯಬೇಕು. ಅದನ್ನು ಪಡೆಯಲು ಚರ್ಚ್ ಪಾಲನಾ ಮಂಡಳಿಗಳು ಏನು ಮಾಡಬೇಕೆಂಬ ಮಾಹಿತಿಯನ್ನು ಇಲ್ಲಿ ನೀಡುತ್ತಿದ್ದೇವೆ.

ಕಂದು ಬಣ್ಣದ ಫಲಕ

ನಮ್ಮ ದೇಶದ ರಸ್ತೆ ಫಲಕಗಳಿಗೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಸಂಸ್ಥೆಯ 'ಐಆರ್‌ಸಿ 67' ಎಂಬ ಸಂಹಿತೆ ಆಧಾರ. ಹೆದ್ದಾರಿಯಲ್ಲಿ ಊರುಗಳ ಹೆಸರು ಹಸಿರು ಹಿನ್ನೆಲೆಯಲ್ಲಿ ಬಿಳಿ ಅಕ್ಷರಗಳಲ್ಲಿ ಇರುತ್ತದೆ. ಪ್ರವಾಸಿ ತಾಣಗಳಿಗೆ ಕಂದು ಹಿನ್ನೆಲೆ. ಅಕ್ಷರದ ಗಾತ್ರ, ಫಲಕದ ಎತ್ತರ, ರಾತ್ರಿ ದೀಪಕ್ಕೆ ಹೊಳೆಯುವ ಹಾಳೆ ಎಲ್ಲಕ್ಕೂ ನಿಯಮವಿದೆ. ನಾವೇ ಬರೆಸಿದ ಫ್ಲೆಕ್ಸ್ ಇದಕ್ಕೆ ಬದಲಿಯಾಗದು.

ಮೊದಲ ಪ್ರಶ್ನೆ: ರಸ್ತೆ ಯಾರದು?

ಹೆಚ್ಚಿನ ಅರ್ಜಿಗಳು ಹಿಂದೆ ಬೀಳುವುದು ಇಲ್ಲಿಯೇ. ಉದಾಹರಣೆಗೆ, 2016ರಲ್ಲಿ ಬಸಿಲಿಕಾ ಎಂದು ಘೋಷಣೆಯಾದ ಕಾರ್ಕಳ ಅತ್ತೂರಿನ ಸಂತ ಲಾರೆನ್ಸರ ಪುಣ್ಯಕ್ಷೇತ್ರವನ್ನು ತೆಗೆದುಕೊಳ್ಳೋಣ. ಕರಾವಳಿ ಹೆದ್ದಾರಿಯಲ್ಲಿ ಬರುವವರು ಪಡುಬಿದ್ರಿಯಲ್ಲಿ ತಿರುಗಿ ಬೆಳ್ಮಣ್, ನಿಟ್ಟೆ ಮಾರ್ಗವಾಗಿ ಕಾರ್ಕಳದ ಕಡೆಗೆ ಸಾಗುತ್ತಾರೆ. ಪಡುಬಿದ್ರಿಯವರೆಗೆ ಅದು ರಾಷ್ಟ್ರೀಯ ಹೆದ್ದಾರಿ 66. ನಂತರದ್ದು ರಾಜ್ಯ ಹೆದ್ದಾರಿ. ಕೊನೆಗೆ ಒಳರಸ್ತೆ. ಒಂದೇ ಯಾತ್ರೆಗೆ ಹಲವು ಕಚೇರಿಗಳು ಸಂಬಂಧಪಡುತ್ತವೆ.

ಹೆದ್ದಾರಿ 66ರ ಫಲಕಕ್ಕೆ ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರದ ಯೋಜನಾ ನಿರ್ದೇಶಕರಿಗೆ ಬರೆಯಬೇಕು. ರಾಜ್ಯ ಹೆದ್ದಾರಿ ಹಾಗೂ ಜಿಲ್ಲಾ ಮುಖ್ಯ ರಸ್ತೆಗಳಿಗೆ ಲೋಕೋಪಯೋಗಿ ಇಲಾಖೆಯ ಕಾರ್ಯಪಾಲಕ ಎಂಜಿನಿಯರ್ ಅವರಿಗೆ. ಪೇಟೆಯೊಳಗಿನ ರಸ್ತೆಗಳಿಗೆ ಪುರಸಭೆ ಅಥವಾ ನಗರ ಪಾಲಿಕೆಗೆ, ಹಳ್ಳಿಯ ರಸ್ತೆಗಳಿಗೆ ಗ್ರಾಮ ಪಂಚಾಯತಿಗೆ. ಪ್ರತಿಯೊಂದರ ಪ್ರತಿಯನ್ನು ಜಿಲ್ಲಾಧಿಕಾರಿಗಳಿಗೂ ಜಿಲ್ಲಾ ಪ್ರವಾಸೋದ್ಯಮ ಇಲಾಖೆಗೂ ಕೊಡುವುದು ಒಳ್ಳೆಯದು. ಸ್ಥಳವು ಪ್ರವಾಸಿ ತಾಣವೆಂದು ಪ್ರವಾಸೋದ್ಯಮ ಇಲಾಖೆ ಪತ್ರ ನೀಡಿದರೆ ಅರ್ಜಿಗೆ ಬಲ ಬರುತ್ತದೆ.

ಅರ್ಜಿಯಲ್ಲಿ ಏನಿರಬೇಕು?

1. ಪುಣ್ಯಕ್ಷೇತ್ರದ ಅಧಿಕೃತ ಹೆಸರು, ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ. ಎಲ್ಲ ಫಲಕಗಳಲ್ಲಿ ಒಂದೇ ಹೆಸರು, ಒಂದೇ ಕಾಗುಣಿತ ಇರಲಿ. ಹೆಸರು ಚಿಕ್ಕದಾಗಿರಲಿ.

2. ರಸ್ತೆಯ ಈಗಿನ ಸಂಖ್ಯೆ ಮತ್ತು ಹತ್ತಿರದ ಕಿಲೋಮೀಟರ್ ಕಲ್ಲು. ಹಳೆಯ ಕಾಗದಪತ್ರಗಳಲ್ಲಿ ಹೆದ್ದಾರಿ 17 ಎಂದಿರುವುದು ಈಗಿನ 66. ಹಾಗೆಯೇ ಮೂಡಬಿದಿರೆ ಮೂಲಕ ಕಾರ್ಕಳಕ್ಕೆ ಹೋಗುವ ಹಿಂದಿನ 13 ಈಗ 169.

3. ಕೈಯಲ್ಲಿ ಬರೆದ ಸರಳ ನಕ್ಷೆ, ಪ್ರತಿ ತಿರುವಿನ ಛಾಯಾಚಿತ್ರ. ತಿರುವಿಗೆ ಮೊದಲೇ ಸಿಗುವ ಮುನ್ಸೂಚನಾ ಫಲಕ ಮತ್ತು ತಿರುವಿನಲ್ಲಿರುವ ಫಲಕ, ಎರಡನ್ನೂ ಕೇಳಬೇಕು. ಹೆದ್ದಾರಿಯಲ್ಲಿ ಫಲಕವಿದ್ದು ಮುಂದಿನ ಕವಲಿನಲ್ಲಿ ಇಲ್ಲದಿದ್ದರೆ ಯಾತ್ರಿಕರು ಮತ್ತೆ ದಾರಿ ತಪ್ಪುತ್ತಾರೆ.

4. ಭಕ್ತರ ಸಂಖ್ಯೆಯ ಪ್ರಾಮಾಣಿಕ ಅಂದಾಜು, ವಾರ್ಷಿಕ ಹಬ್ಬದ ದಿನಗಳು, ವಾಹನ ನಿಲುಗಡೆ ಮತ್ತು ಶೌಚಾಲಯದ ವಿವರ. ನಿಲುಗಡೆಗೆ ಜಾಗವಿಲ್ಲದಿದ್ದರೆ ಮೊದಲು ಅದನ್ನು ಸರಿಪಡಿಸೋಣ.

5. ಫಲಕದ ಖರ್ಚು ಮತ್ತು ನಿರ್ವಹಣೆ ಯಾರ ಹೊಣೆ ಎಂಬ ಪ್ರಶ್ನೆ. ಉತ್ತರವನ್ನು ಲಿಖಿತವಾಗಿಯೇ ಪಡೆಯಬೇಕು.

ನೆರೆಹೊರೆಯವರ ಜೊತೆಗೂಡಿ

ಒಂದೇ ಜಂಕ್ಷನ್‌ನಲ್ಲಿ ಹಲವು ಫಲಕಗಳಿದ್ದರೆ ಯಾವುದೂ ಓದಲಾಗದು. ಕಾರ್ಕಳಕ್ಕೆ ಬರುವವರಲ್ಲಿ 1432ರಲ್ಲಿ ಸ್ಥಾಪನೆಯಾದ ಗೊಮ್ಮಟೇಶ್ವರನ ದರ್ಶನಕ್ಕೆ ಬರುವವರೂ ಇದ್ದಾರೆ. ಇಂಥ ಕಡೆಗಳಲ್ಲಿ ಬಸದಿ, ದೇವಸ್ಥಾನ, ದರ್ಗಾದ ಸಮಿತಿಗಳೊಂದಿಗೆ ಮಾತನಾಡಿ ಒಂದೇ ಸಮೂಹ ಫಲಕಕ್ಕೆ ಜಂಟಿ ಅರ್ಜಿ ಸಲ್ಲಿಸಬಹುದು. ಇದರಿಂದ ಊರಿನ ಸೌಹಾರ್ದವೂ ಬೆಳೆಯುತ್ತದೆ.

ಅನುಮತಿಯಿಲ್ಲದೆ ಬೇಡ

ಅವಸರಕ್ಕೆ ಬಿದ್ದು ಹೆದ್ದಾರಿ ಬದಿಯಲ್ಲಿ ನಾವೇ ಕಂಬ ನೆಡಬಾರದು. ರಾಷ್ಟ್ರೀಯ ಹೆದ್ದಾರಿಯ ಜಾಗವನ್ನು ಅನುಮತಿಯಿಲ್ಲದೆ ಬಳಸುವುದನ್ನು 2002ರ ಹೆದ್ದಾರಿ ನಿಯಂತ್ರಣ ಕಾಯ್ದೆ ತಡೆಯುತ್ತದೆ. ಅಂಥ ಫಲಕವನ್ನು ಕಿತ್ತುಹಾಕಿದರೆ ದೂರುವಂತಿಲ್ಲ, ದಾನಿಗಳ ಹಣವೂ ವ್ಯರ್ಥ. ಹಬ್ಬದ ದಿನಗಳ ತಾತ್ಕಾಲಿಕ ಫಲಕಗಳಿಗೂ ಪೊಲೀಸರ ಮತ್ತು ಸ್ಥಳೀಯ ಸಂಸ್ಥೆಯ ಅನುಮತಿ ಪಡೆದು, ಹಬ್ಬ ಮುಗಿದ ಕೂಡಲೇ ತೆಗೆಯೋಣ.

ಉತ್ತರ ಬಾರದಿದ್ದರೆ

ಅರ್ಜಿಗೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಲು ಮರೆಯಬೇಡಿ. ತಿಂಗಳುಗಳು ಕಳೆದರೂ ಉತ್ತರವಿಲ್ಲದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕ ಕಟ್ಟಿ ಅರ್ಜಿಯ ಸ್ಥಿತಿಯನ್ನು ಕೇಳಬಹುದು. ಸಾಮಾನ್ಯವಾಗಿ 30 ದಿನಗಳೊಳಗೆ ಮಾಹಿತಿ ಕೊಡಬೇಕೆಂಬುದು ನಿಯಮ.

ಪಾಲನಾ ಮಂಡಳಿಯ ಪದಾಧಿಕಾರಿಗಳು ಬದಲಾಗುತ್ತಿರುತ್ತಾರೆ. ಆದ್ದರಿಂದ ಈ ಎಲ್ಲ ಪತ್ರಗಳನ್ನು ಒಂದೇ ಕಡತದಲ್ಲಿಟ್ಟು ಚರ್ಚ್ ಕಚೇರಿಗೆ ಒಪ್ಪಿಸಬೇಕು. ಫಲಕ ಬಂದ ಮೇಲೂ ವರ್ಷಕ್ಕೊಮ್ಮೆ, ಮಳೆಗಾಲ ಮುಗಿದ ನಂತರ, ಯುವಜನರು ಹೋಗಿ ನೋಡಿ ಬರಲಿ. ಗಿಡಬಳ್ಳಿ ಮುಚ್ಚಿದ್ದರೆ, ಕಂಬ ವಾಲಿದ್ದರೆ ಸಂಬಂಧಪಟ್ಟ ಕಚೇರಿಗೆ ತಿಳಿಸಲಿ. ನಮ್ಮ ಊರಿಗೆ ಮೊದಲ ಬಾರಿ ಬರುವವರು ಸುರಕ್ಷಿತವಾಗಿ ತಲುಪುವಂತೆ ನೋಡಿಕೊಳ್ಳುವುದೂ ಅತಿಥಿ ಸತ್ಕಾರದ ಭಾಗವೇ ಆಗಿದೆ.