ಬೆಳ್ಳಿತೆರೆಯ ಮೇಲಿನ ಇರುಳು

ಬೆಳ್ಳಿತೆರೆಯ ಮೇಲಿನ ಇರುಳು ಬಹುಕಾಲ ಹಗಲಿನ ವೇಷವೇ ಆಗಿತ್ತು. ನಡುಹಗಲಲ್ಲಿ ಚಿತ್ರ ತೆಗೆದು, ಮಸೂರದ ಮುಂದೆ ನೀಲಿ ಗಾಜನ್ನಿರಿಸಿ, ಬೆಳಕನ್ನು ಬೇಕೆಂದೇ ಕುಗ್ಗಿಸಿ, ಇದು ಬೆಳದಿಂಗಳೆಂದು ಪ್ರೇಕ್ಷಕರನ್ನು ನಂಬಿಸುತ್ತಿದ್ದರು. ಫ್ರೆಂಚರು ಈ ಉಪಾಯಕ್ಕೆ 'ಅಮೆರಿಕದ ಇರುಳು' ಎಂದು ಹೆಸರಿಟ್ಟರು. 1973ರಲ್ಲಿ ಫ್ರಾಂಸ್ವಾ ತ್ರುಫೋ ತನ್ನ ಚಿತ್ರವೊಂದನ್ನು ಅದೇ ಹೆಸರಿನಿಂದ ಕರೆದನು. ಇದನ್ನು ಸೋಗೆಂದು ಹಳಿಯುವುದು ಸುಲಭ. ಆದರೆ ಅಂದಿನ ಫಿಲ್ಮಿಗೆ ಮಂದ ಬೆಳಕು ಸಾಲುತ್ತಿರಲಿಲ್ಲ. ನಿಜವಾದ ಇರುಳಿನಲ್ಲಿ ಚಿತ್ರ ತೆಗೆಯಹೊರಟರೆ ಬಂಡಿಗಟ್ಟಲೆ ದೀಪಗಳನ್ನು ತರಬೇಕು. ಆಗ ನಟನ ಮುಖ ಬೆಳಗುವುದು, ಹಿಂದಿನ ಊರು ಕರಿಯ ಪರದೆಯಾಗುವುದು.

ಈ ಕಟ್ಟನ್ನು ಮೀರಲು ಸ್ಟ್ಯಾನ್ಲಿ ಕುಬ್ರಿಕನು ಮಸೂರದ ಮೊರೆಹೊಕ್ಕನು. 1975ರಲ್ಲಿ ಬಂದ ಅವನ 'ಬ್ಯಾರಿ ಲಿಂಡನ್' ಹದಿನೆಂಟನೆಯ ಶತಮಾನದ ಕಥೆ. ಆ ಕಾಲದ ಕೋಣೆಗಳನ್ನು ಮೇಣದಬತ್ತಿಯ ಬೆಳಕಿನಲ್ಲಿಯೇ ತೋರಿಸಬೇಕೆಂದು ಅವನ ಹಟ. ನಾಸಾ ಸಂಸ್ಥೆಗಾಗಿ ಝೈಸ್ ಕಂಪನಿ ತಯಾರಿಸಿದ್ದ, ಎಫ್ 0.7 ರಂಧ್ರದ 50 ಮಿಲಿಮೀಟರ್ ಮಸೂರವನ್ನು ಸಂಪಾದಿಸಿ, ಛಾಯಾಗ್ರಾಹಕ ಜಾನ್ ಆಲ್ಕಾಟನೊಡನೆ ಅದನ್ನು ಸಾಧಿಸಿದನು. ಫಲ ಅಪೂರ್ವವಾಗಿತ್ತು. ಆದರೆ ನಟನು ತುಸು ಮುಂದಕ್ಕೆ ಬಾಗಿದರೂ ಮುಖ ಮಸುಕಾಗುತ್ತಿತ್ತು. ಕುಳಿತವರ ಕೋಣೆ ಕೈಗೆ ಸಿಕ್ಕಿತು. ಓಡುವ ನಗರ ಸಿಕ್ಕಲಿಲ್ಲ.

ಅದು ಸಿಕ್ಕಿದ್ದು 2004ರಲ್ಲಿ, ಮೈಕೇಲ್ ಮಾನನ 'ಕೊಲ್ಯಾಟರಲ್' ಚಿತ್ರದಲ್ಲಿ. ಬಾಡಿಗೆ ಕೊಲೆಗಾರನೊಬ್ಬನನ್ನು ಹೊತ್ತು ಒಂದು ರಾತ್ರಿಯೆಲ್ಲ ಲಾಸ್ ಏಂಜಲೀಸಿನಲ್ಲಿ ಸುತ್ತುವ ಟ್ಯಾಕ್ಸಿ ಚಾಲಕನ ಕಥೆಯಿದು. ಅಂದು ಆ ನಗರದ ಸೋಡಿಯಂ ಬೀದಿದೀಪಗಳ ಕಿತ್ತಳೆ ಬೆಳಕು ಮೋಡಗಳಿಗೆ ತಾಗಿ ಮರಳಿ ಬೀಳುತ್ತಿತ್ತು. ಆ ಮಂಕು ಹೊಳಪಿನೆದುರು ತಾಳೆಮರಗಳು ಕಪ್ಪಾಗಿ ನಿಲ್ಲುತ್ತಿದ್ದವು. ಕಣ್ಣಿಗೆ ಕಾಣುವ ಈ ಇರುಳು ಫಿಲ್ಮಿಗೆ ಕಾಣುತ್ತಿರಲಿಲ್ಲ. ಮಾನನು ವಿಡಿಯೋವನ್ನು ಆರಿಸಿಕೊಂಡನು. ಚಿತ್ರೀಕರಣವನ್ನು ಆರಂಭಿಸಿದವನು ಪಾಲ್ ಕ್ಯಾಮರಾನ್, ಮುಗಿಸಿದವನು ಡಿಯಾನ್ ಬೀಬ್. ದೀಪ ಹಾಕಲು ಅನುಕೂಲವಿದ್ದ ಕೆಲವು ಒಳಾಂಗಣ ದೃಶ್ಯಗಳಿಗೆ ಮಾತ್ರ ಫಿಲ್ಮು ಉಳಿಯಿತು.

ಕ್ಯಾಮರಾ ಕಂಡರಷ್ಟೇ ಸಾಲದು, ಕಂಡದ್ದನ್ನು ತುಂಬಿಡುವ ಪಾತ್ರೆಯೂ ತಕ್ಕುದಾಗಿರಬೇಕು. ಆ ಪಾತ್ರೆಗೇ ಫಾರ್ಮ್ಯಾಟ್ ಎಂದು ಹೆಸರು. ಅಂದು ಬಳಕೆಯಲ್ಲಿದ್ದ ಸೋನಿಯ ಎಚ್‌ಡಿಕ್ಯಾಮ್ ಟೇಪು 8 ಬಿಟ್ಟಿನದು. ಕಪ್ಪಿನಿಂದ ಬಿಳುಪಿನವರೆಗೆ ಅದಕ್ಕೆ 256 ಮೆಟ್ಟಿಲು. ಅದರ ಮೇಲೆ ಚಿತ್ರವನ್ನು ಒತ್ತಿ ಕಿರಿದು ಮಾಡುತ್ತಿತ್ತು. ಹಗಲಿನ ಚಿತ್ರಕ್ಕೆ ಇದರಿಂದ ಹೆಚ್ಚು ಹಾನಿಯಿಲ್ಲ. ಇರುಳಿನಲ್ಲಾದರೋ ಗೋಡೆಗೂ ಆಕಾಶಕ್ಕೂ ನಡುವಿನ ಅಂತರವೇ ಒಂದೆರಡು ಮೆಟ್ಟಿಲು. ಒತ್ತಿದಾಗ ಎರಡೂ ಕಲಸಿ ಒಂದೇ ಕರಿಯ ಮುದ್ದೆಯಾಗುತ್ತವೆ. ಮಾನನು ಬಳಸಿದ ಇನ್ನೊಂದು ಕ್ಯಾಮರಾ ಥಾಮ್ಸನ್ ವೈಪರ್. ಅದಕ್ಕೆ 10 ಬಿಟ್ಟಿನ 1024 ಮೆಟ್ಟಿಲುಗಳನ್ನು, ಕತ್ತಲೆಯ ಪಾಲನ್ನು ಹಿಗ್ಗಿಸಿ, ಒತ್ತದೆಯೇ ಹೊರಗೆ ಕೊಡುವ ಶಕ್ತಿಯಿತ್ತು. ಈ ಔದಾರ್ಯಕ್ಕೆ ತೆರವೂ ಉಂಟು. ಲೆಕ್ಕ ಹಾಕಿದರೆ ಅಂಥ ಒಂದು ಗಂಟೆಯ ಚಿತ್ರಕ್ಕೆ ಸುಮಾರು 670 ಗಿಗಾಬೈಟು ಜಾಗ ಬೇಕು! 2007ರ 'ಝೋಡಿಯಾಕ್' ಚಿತ್ರಕ್ಕೆ ಡೇವಿಡ್ ಫಿಂಚರನು ಇದೇ ವೈಪರ್ ಕ್ಯಾಮರಾದ ಚಿತ್ರವನ್ನು ಟೇಪಿನ ಹಂಗೇ ಇಲ್ಲದೆ ಹಾರ್ಡ್ ಡಿಸ್ಕುಗಳಲ್ಲಿ ತುಂಬಿಸಿದನು.

ಮಾನನ ಇರುಳು ನಿರ್ದುಷ್ಟವಲ್ಲ. ಕತ್ತಲೆಯಲ್ಲಿ ನುಚ್ಚು ಚೆಲ್ಲಿದಂಥ ಚುಕ್ಕೆಗಳು ಕುಣಿಯುತ್ತವೆ. ಉರಿವ ದೀಪಗಳ ನಡುವು ಬರಿಯ ಬಿಳುಪಾಗುತ್ತದೆ. ಫಿಲ್ಮಿನ ಸೊಬಗಿಗೆ ಒಗ್ಗಿದವರಿಗೆ ಇದು ಒರಟೆನಿಸಿದರೆ ಆಶ್ಚರ್ಯವಿಲ್ಲ. ಆದರೆ ಮುಂದೆ ನಡೆದುದನ್ನು ನೋಡಿ. 2009ರಲ್ಲಿ ಲಾಸ್ ಏಂಜಲೀಸ್ ನಗರವು ಸೋಡಿಯಂ ದೀಪಗಳನ್ನು ತೆಗೆದು ಎಲ್‌ಇಡಿ ದೀಪಗಳನ್ನು ಹಾಕತೊಡಗಿತು. ಬೀದಿಗಳು ಬೆಳ್ಳಗಾದವು, ಮೋಡದ ಕಿತ್ತಳೆ ಬಣ್ಣ ಹಿಂದೆ ಸರಿಯಿತು. ಇಂದು ಆ ಇರುಳನ್ನು ಹುಡುಕಿಕೊಂಡು ಆ ಊರಿಗೆ ಹೋದರೆ ಸಿಕ್ಕದು, ಚಿತ್ರದಲ್ಲಿ ಸಿಕ್ಕೀತು.

ನಮ್ಮ ಊರುಗಳ ಎಷ್ಟೋ ಬೀದಿಗಳಲ್ಲಿಯೂ ಹಳದಿ ದೀಪ ಹೋಗಿ ಬಿಳಿಯ ದೀಪ ಬಂದಿದೆ. ಆ ಹಳದಿ ಇರುಳನ್ನು ಯಾರು, ಯಾವ ಪಾತ್ರೆಯಲ್ಲಿ ತುಂಬಿಟ್ಟಿದ್ದಾರೆ? ಇಂದು ಕೈಯಲ್ಲಿರುವ ಕೆಲವು ಫೋನುಗಳೂ 8 ಬಿಟ್ಟೋ 10 ಬಿಟ್ಟೋ ಎಂದು ಆರಿಸಿಕೊಳ್ಳಲು ಬಿಡುತ್ತವೆ. ಜಾಗ ಉಳಿಸುವ ಆತುರದಲ್ಲಿ ನಾವು ಆ ಪ್ರಶ್ನೆಯನ್ನು ದಾಟಿಹೋಗುತ್ತೇವೆ. ಹಗಲನ್ನು ಎಂಥ ಪಾತ್ರೆಯಾದರೂ ಹಿಡಿದೀತು. ಇರುಳು ಹಾಗಲ್ಲ, ಅಂದು ತುಂಬಿಡದೆ ಚೆಲ್ಲಿದ್ದನ್ನು ಆಮೇಲೆ ಯಾವ ಯಂತ್ರವೂ ಮರಳಿ ತಾರದು.