ಮೇಲ್ಮುದ್ದಿಯಿಂದ ಮೀಟರಿನವರೆಗೆ: ಗೋಕಾಕ ಸೀಮೆಯ ಮನೆ ಮತ್ತು ಬೆಂಕಿ

ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಹಳೆಯ ಮನೆಗಳನ್ನು ಬೆಂಕಿಯಿಂದ ಕಾಯ್ದದ್ದು ಮಣ್ಣು. ಮಳೆ ಕಡಿಮೆಯಿರುವ ಮೂಡಲ ಬಯಲಿನಲ್ಲಿ ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಜಂತಿ ಜೋಡಿಸಿ, ಹಲಗೆಯನ್ನೋ ಸಣ್ಣ ಕಟ್ಟಿಗೆಯನ್ನೋ ಹಾಸಿ, ಅದರ ಮೇಲೆ ದಪ್ಪಗೆ ಮಣ್ಣು ಬಡಿದು ಮೇಲ್ಮುದ್ದಿ ಮಾಡುತ್ತಿದ್ದರು. ಮಳೆ ಜಾಸ್ತಿಯಾಗುವ ಹುಕ್ಕೇರಿಯ ಪಡುವಣ ಅಂಚಿನಲ್ಲಿ ಹಂಚಿನ ಇಳಿಜಾರು ಚಾವಣಿ ಬಂತು. ಗೋಡೆಗೆ ಗೋಡೆ ಹತ್ತಿ ನಿಂತ ಓಣಿಗಳಲ್ಲಿ ದಪ್ಪ ಮಣ್ಣಿನ ಗೋಡೆಯನ್ನು ದಾಟಿ ಪಕ್ಕದ ಮನೆಗೆ ಹೋಗುವುದು ಬೆಂಕಿಗೆ ಸುಲಭವಿರಲಿಲ್ಲ. ಗಾಳಿಯಲ್ಲಿ ಹಾರಿಬಂದ ಕಿಡಿ ಮೇಲ್ಮುದ್ದಿಯ ಮೇಲೆ ಬಿದ್ದರೆ ಅಲ್ಲೇ ಆರುತ್ತಿತ್ತು. ಕಾಳನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿಡುವ ರೂಢಿಯಿಂದ, ಮನೆ ಸುಟ್ಟರೂ ವರ್ಷದ ಅನ್ನ ಉಳಿಯುವ ಸಾಧ್ಯತೆಯಿತ್ತು.

ಅಪಾಯ ಇದ್ದದ್ದು ಒಳಗೆ. ದನಕರುಗಳೂ ಮನುಷ್ಯರೂ ಒಂದೇ ಸೂರಿನಡಿ ಇರುತ್ತಿದ್ದರು. ಹೊರಬೀಳಲು ಮುಂಬಾಗಿಲೊಂದೇ ದಾರಿ. ಹೊಗೆಗೆ ಬೆಳಕಿಂಡಿಯೊಂದೇ ಗತಿ. ಜಂತಿಗೆ ಬೆಂಕಿ ಹತ್ತಿತೆಂದರೆ ರಕ್ಷಣೆಗಿದ್ದ ಮಣ್ಣಿನ ಭಾರವೇ ತಲೆಯ ಮೇಲೆ ಕುಸಿಯುತ್ತಿತ್ತು. ತೊಲೆ, ಜಂತಿ ಕೊಳ್ಳಲು ಶಕ್ತಿಯಿಲ್ಲದವರಿಗಂತೂ ಈ ಮಣ್ಣಿನ ಆಸರೆಯೂ ಇರಲಿಲ್ಲ. ಊರಂಚಿನಲ್ಲಿ ಹುಲ್ಲು, ಸೋಗೆ ಹೊದಿಸಿದ ಗುಡಿಸಲುಗಳಲ್ಲಿ ಬದುಕಿದ ಬಡವರಿಗೆ, ಕಬ್ಬಿನ ಬೆಳೆ ಹಬ್ಬಿದ ಮೇಲೆ ಒಣಗಿದ ಕಬ್ಬಿನೆಲೆಯ, ಅಂದರೆ ರವದಿಯ, ಗುಡಿಸಲುಗಳಲ್ಲಿ ಇಳಿದುಕೊಂಡ ಕಬ್ಬು ಕಡಿಯುವ ಗ್ಯಾಂಗಿನವರಿಗೆ, ಬೇಸಿಗೆಯ ಒಂದು ಕಿಡಿ ಸಾಲುಸಾಲನ್ನೇ ಸುಡುವಷ್ಟು ಹತ್ತಿರವಿತ್ತು. ಬೆಂಕಿಯ ಭಯ ಈ ಸೀಮೆಯಲ್ಲಿ ಎಂದೂ ಎಲ್ಲರಿಗೂ ಒಂದೇ ಸಮನಾಗಿರಲಿಲ್ಲ.

ಕಾನೂನು ಮೊದಲು ಕೈಹಾಕಿದ್ದು ಚಾವಣಿಗೆ. 1956ರ ನವೆಂಬರ್ 1ರವರೆಗೆ ಬೆಳಗಾವಿ ಜಿಲ್ಲೆ ಮುಂಬೈ ಆಡಳಿತದಲ್ಲಿತ್ತು. 1901ರ ಮುಂಬೈ ಜಿಲ್ಲಾ ಪುರಸಭೆಗಳ ಕಾಯ್ದೆ ಬೆಂಕಿ ಆರಿಸುವುದನ್ನೂ, ಬೆಂಕಿ ಬಿದ್ದಾಗ ಜೀವ, ಆಸ್ತಿ ಕಾಯುವುದನ್ನೂ ಪುರಸಭೆಯ ಕಡ್ಡಾಯ ಕರ್ತವ್ಯಗಳಲ್ಲಿ ಸೇರಿಸಿತು. ಹುಲ್ಲು, ಎಲೆ, ಚಾಪೆಯಂಥ ಸುಲಭವಾಗಿ ಹೊತ್ತಿಕೊಳ್ಳುವ ವಸ್ತುಗಳಿಂದ ಹೊರಗೋಡೆ, ಚಾವಣಿ ಕಟ್ಟುವುದಕ್ಕೂ ತಡೆ ಹಾಕಿತು. ಏಕೀಕರಣದ ನಂತರ ಬಂದ 1964ರ ಪುರಸಭೆಗಳ ಕಾಯ್ದೆ ಈ ಹೊಣೆಯನ್ನು ಮುಂದುವರಿಸಿತು. ಆದರೆ ಈ ನಿಯಮಗಳ ಕೈ ಪೇಟೆಯ ಎಲ್ಲೆಯಾಚೆಗೆ ಚಾಚಲಿಲ್ಲ. ಹಳ್ಳಿಯ ಗುಡಿಸಲು ಹೊರಗೇ ಉಳಿಯಿತು. ಗುಡಿಸಲಿನ ಬದಲು ಬೇರೆ ಸೂರು ಕೊಡುವ ಕೆಲಸಕ್ಕೆ 1985ರ ಇಂದಿರಾ ಆವಾಸ್ ಯೋಜನೆ, 1991–92ರ ಆಶ್ರಯ ಯೋಜನೆಗಳು ಬಲ ಕೊಟ್ಟವು. ಈ ಮನೆಗಳು ಅಗ್ನಿಸುರಕ್ಷತೆಯ ಹೆಸರಿನಲ್ಲಿ ಬಂದವಲ್ಲ. ಆದರೂ ಹುಲ್ಲಿನ ಸೂರು ಹೋಗಿ ಹಂಚು, ಸಿಮೆಂಟು ಬಂದದ್ದರಿಂದ ಬಡವರಿಗಾದ ಉಪಕಾರ ಯಾವ ಅಗ್ನಿ ಕಾಯ್ದೆಯಿಂದಲೂ ಆಗಲಿಲ್ಲ.

ಬಾಡಿಗೆ ವಾಸದ ಕಥೆಗೆ ಗೋಕಾಕ ಫಾಲ್ಸ್ ಮುಖ್ಯ ಸ್ಥಳ. 1885ರಲ್ಲಿ ಹುಟ್ಟಿದ ಗೋಕಾಕ ಮಿಲ್ಸ್ ಘಟಪ್ರಭೆಯ ಧುಮುಕುವ ನೀರಿನ ಬಲದಿಂದ ಹತ್ತಿ ನೂಲುವ ಗಿರಣಿ. ಹೊಲ ಬಿಟ್ಟು ಬಂದವರು ಇಲ್ಲಿ ಕೂಲಿಯ ಜೊತೆ ಇನ್ನೊಬ್ಬರ ಸೂರನ್ನೂ ನೆಚ್ಚಿಕೊಂಡರು. ಹತ್ತಿ ಕ್ಷಣದಲ್ಲಿ ಹೊತ್ತಿಕೊಳ್ಳುವ ವಸ್ತು. ಗಿರಣಿಗೆ ಬೆಂಕಿಯ ಎಚ್ಚರ ಅನಿವಾರ್ಯ. 1948ರ ಕಾರ್ಖಾನೆಗಳ ಕಾಯ್ದೆ, ಒಳಗೆ ಜನ ದುಡಿಯುವಾಗ ಬಾಗಿಲಿಗೆ ಬೀಗ ಬೀಳಬಾರದು, ಅದು ಒಳಗಿನಿಂದ ಸುಲಭವಾಗಿ ತೆರೆಯುವಂತಿರಬೇಕು ಎಂದು ವಿಧಿಸಿತು. ಅದೇ ಕೆಲಸಗಾರ ಪಾಳಿ ಮುಗಿಸಿ ಹೋಗಿ ಮಲಗುವ ಕೋಣೆಯ ಬಾಗಿಲಿಗೆ ಅಂಥ ವಿಧಿ ಇರಲಿಲ್ಲ. 1961ರ ಬಾಡಿಗೆ ನಿಯಂತ್ರಣ ಕಾಯ್ದೆಯ ಗಮನವೂ ಬಾಡಿಗೆಯ ದರ ಮತ್ತು ಮನೆ ಬಿಡಿಸುವ ತಕರಾರುಗಳ ಮೇಲಿತ್ತು.

ಒಲೆ, ಚಿಮಣಿ, ಕಂದೀಲುಗಳ ಕಾಲದಲ್ಲಿ ಬೆಂಕಿ ಕಣ್ಣೆದುರಿಗಿತ್ತು. ಮಲಗುವ ಮೊದಲು ಆರಿಸಿದರೆ ಮುಗಿಯಿತು. ವಿದ್ಯುತ್ ಬಂದ ಮೇಲೆ ಅಪಾಯ ತಂತಿಯೊಳಗೆ ಅಡಗಿತು. ಈ ಬದಲಾವಣೆಯಲ್ಲಿ ಹುಕ್ಕೇರಿಗೆ ದೇಶದಲ್ಲೇ ವಿಶೇಷ ಸ್ಥಾನವಿದೆ. 1969ರಲ್ಲಿ ಗ್ರಾಮೀಣ ವಿದ್ಯುದೀಕರಣ ನಿಗಮ ಹುಟ್ಟಿದ ಕಾಲಕ್ಕೆ ಪ್ರಯೋಗಕ್ಕೆಂದು ಆರಿಸಿದ ಐದು ಗ್ರಾಮೀಣ ವಿದ್ಯುತ್ ಸಹಕಾರಿ ಸಂಘಗಳಲ್ಲಿ ಹುಕ್ಕೇರಿಯದೂ ಒಂದು. ಕರ್ನಾಟಕದಲ್ಲಿ ಇಂಥ ಸಂಘ ಇದೊಂದೇ. ಗೋಕಾಕ ಮತ್ತು ಅದರಿಂದ ಬೇರ್ಪಟ್ಟು ಈಚೆಗೆ ತಾಲ್ಲೂಕಾದ ಮೂಡಲಗಿ ವಿದ್ಯುತ್ ಸರಬರಾಜು ಕಂಪನಿಯಾದ ಹೆಸ್ಕಾಂನ ವ್ಯಾಪ್ತಿಯಲ್ಲಿವೆ.

ತೊಲೆ, ಜಂತಿಯ ಮನೆಗಳಲ್ಲಿ ಕಟ್ಟಿಗೆಯ ಪಟ್ಟಿಗಳ ಮೇಲೆ ತಂತಿ ಎಳೆದರು. ಒಂದೆರಡು ದೀಪಕ್ಕೆಂದು ಹಾಕಿದ ಆ ತಂತಿಗೇ ಆಮೇಲೆ ಫ್ಯಾನು, ಟಿ.ವಿ., ಮಿಕ್ಸರು, ಫ್ರಿಜ್, ನೀರು ಕಾಯಿಸುವ ಕಾಯಿಲ್ ಒಂದೊಂದಾಗಿ ಜೋತುಬಿದ್ದವು. ಫ್ಯೂಸಿನ ತೆಳ್ಳಗಿನ ತಂತಿ ಮಿತಿಮೀರಿದ ಕರೆಂಟು ಹರಿದೊಡನೆ ಕರಗಿ ಸಂಪರ್ಕ ಕಡಿಯಬೇಕು. ಅದರ ಕೆಲಸವೇ ಅದು. ಮತ್ತೆಮತ್ತೆ ಕರಗುತ್ತದೆಂದು ಅದರ ಜಾಗದಲ್ಲಿ ದಪ್ಪ ತಂತಿ ಸುತ್ತಿದರೆ ಫ್ಯೂಸು ಉಳಿಯುತ್ತದೆ, ಪಟ್ಟಿಯ ಮೇಲಿನ ತಂತಿ ಕಾಯುತ್ತದೆ. ಮೇಲಿನ ಹೊದಿಕೆ ಕರಗಿ, ಒಣಗಿ ನಿಂತ ಹಳೆಯ ಜಂತಿಗೆ ಬೆಂಕಿ ಹತ್ತಲು ಅಷ್ಟು ಸಾಕು.

ಅಡುಗೆಮನೆಯಲ್ಲೂ ಹಳೆಯ ಕಟ್ಟೋಣಕ್ಕೂ ಹೊಸ ಉರುವಲಿಗೂ ಹೊಂದಾಣಿಕೆ ತಪ್ಪಿತು. 2016ರ ಉಜ್ವಲಾ ಯೋಜನೆಯ ನಂತರ 14.2 ಕಿಲೋ ಅನಿಲದ ಸಿಲಿಂಡರು ಹಳ್ಳಿಹಳ್ಳಿಗೆ ಬಂತು. ಹೆಂಗಸರ ಕಣ್ಣು, ಎದೆಯನ್ನು ಸುಡುತ್ತಿದ್ದ ಹೊಗೆ ಇಳಿಯಿತು, ಅದು ದೊಡ್ಡ ಬಿಡುಗಡೆ. ಆದರೆ ಬೆಳಕಿಂಡಿ ಮೇಲೇರುವ ಹೊಗೆಗೆ ಮಾಡಿದ ದಾರಿ. ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ನೆಲದ ಮಟ್ಟದಲ್ಲಿ ಹರಡಿ ನಿಲ್ಲುತ್ತದೆ. ಅದಕ್ಕೆ ಬೇಕಾದದ್ದು ಕೆಳಗಿನ ಗಾಳಿಕಿಂಡಿ, ಹಳೆಯ ಮನೆಗಳಲ್ಲಿ ಇಲ್ಲದ್ದೂ ಅದೇ.

ರಾಜ್ಯದ ಅಗ್ನಿಶಾಮಕ ದಳಕ್ಕೆ ಕಾನೂನಿನ ಆಧಾರ 1964ರಲ್ಲೇ ಬಂದ ಅಗ್ನಿಶಾಮಕ ದಳದ ಕಾಯ್ದೆಯಿಂದ ಸಿಕ್ಕಿತು. 1970ರಲ್ಲಿ ಮೊದಲು ಪ್ರಕಟವಾಗಿ 1983, 2005, 2016ರಲ್ಲಿ ಪರಿಷ್ಕೃತವಾದ ರಾಷ್ಟ್ರೀಯ ಕಟ್ಟಡ ಸಂಹಿತೆ ವಾಸದ ಕಟ್ಟಡಗಳಿಗೂ ಅಗ್ನಿಸುರಕ್ಷತೆಯ ನಿಯಮ ಹೇಳುತ್ತದೆ. ಅದರ ಹೆಚ್ಚಿನ ಕಟ್ಟುನಿಟ್ಟು ಇರುವುದು 15 ಮೀಟರ್ ಮತ್ತು ಅದಕ್ಕಿಂತ ಎತ್ತರದ ಕಟ್ಟಡಗಳಿಗೆ. 2010ರ ಫೆಬ್ರುವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ ಒಂಬತ್ತು ಜನ ಸತ್ತ ಮೇಲೆ ಜನರ ಗಮನವೂ ಬಹುಮಹಡಿಗಳ ಕಡೆಗೇ ಹೊರಳಿತು. ಅಂಗಡಿಯ ಮೇಲೊಂದು, ಅದರ ಮೇಲೆ ಮತ್ತೊಂದು ಎಂದು ಬಾಡಿಗೆ ಕೋಣೆ ಏರಿಸಿಕೊಂಡ ತಾಲ್ಲೂಕು ಪೇಟೆಯ ಕಟ್ಟಡ ಆ ಎತ್ತರದ ಕೆಳಗೇ ಉಳಿಯುತ್ತದೆ. ಇಕ್ಕಟ್ಟಾದ ಒಂದೇ ಮೆಟ್ಟಿಲು, ಅದರ ಕೆಳಗೆ ಮೀಟರ್ ಬೋರ್ಡು, ಪಕ್ಕದಲ್ಲೇ ನಿಲ್ಲಿಸಿದ ಬೈಕುಗಳು: ಬೆಂಕಿ ಬಿದ್ದರೆ ಮೊದಲು ಮುಚ್ಚಿಹೋಗುವುದು ಹೊರಬರುವ ಆ ದಾರಿಯೇ.

ಬಾಡಿಗೆ ಮನೆಯ ತಂತಿ ಯಾರ ಹೊಣೆ ಎಂಬುದಕ್ಕೆ ಸ್ಪಷ್ಟ ಉತ್ತರ ಕೇಂದ್ರ ಸಂಪುಟ 2021ರ ಜೂನ್‌ನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿದೆ. ಒಳಗಿನ, ಹೊರಗಿನ ವೈರಿಂಗ್ ಮಾಲೀಕರ ಪಾಲು. ಸ್ವಿಚ್ಚು, ಸಾಕೆಟ್ಟುಗಳ ರಿಪೇರಿ ಬಾಡಿಗೆದಾರರ ಪಾಲು. ಇದು ಮಾದರಿ ಮಾತ್ರ, ಜಾರಿಗೆ ತರಬೇಕಾದವು ರಾಜ್ಯಗಳು. ಅದಕ್ಕೂ ಮೊದಲೇ, 2019ರ ಆಗಸ್ಟಿನಲ್ಲಿ ನೆರೆ ಗೋಕಾಕ ಪೇಟೆಗೆ ನುಗ್ಗಿದಾಗ, ಇಂಥ ಹಂಚಿಕೆಯ ತೂಕ ತಿಳಿಯುವಂತಾಗಿತ್ತು. ನೀರಿನಲ್ಲಿ ನಿಂತ ಗೋಡೆ ಒಣಗಿದರೂ ಅದರೊಳಗಿನ ವೈರಿಂಗ್ ಸುರಕ್ಷಿತವೆಂದು ಪರೀಕ್ಷಿಸದೆ ಹೇಳಲಾಗದು. ಆ ಪರೀಕ್ಷೆಯನ್ನು ಮಾಡಿಸಬೇಕಾದವರು ಮನೆಯ ಮಾಲೀಕರು, ಅದರ ಫಲ ಉಣ್ಣುವವರು ಒಳಗಿರುವವರು. ಹೆಸ್ಕಾಂ ಆಗಲಿ ಹುಕ್ಕೇರಿಯ ಸಂಘವಾಗಲಿ ನೋಡಿಕೊಳ್ಳುವ ಲೈನು ಮೀಟರಿಗೆ ಮುಗಿಯುತ್ತದೆ. ಹನ್ನೊಂದು ತಿಂಗಳಿಗೆ ಬರೆಯುವ ಬಾಡಿಗೆ ಕರಾರಿನಲ್ಲಿ ಮುಂಗಡ, ಬಾಡಿಗೆ, ಲೈಟ್ ಬಿಲ್ಲುಗಳಿಗೆ ಒಂದೊಂದು ಸಾಲು ಇರುವಂತೆ, ಮೀಟರಿನಿಂದ ಈಚೆಗಿನ ತಂತಿಯನ್ನು ಯಾರು, ಯಾವಾಗ ಪರೀಕ್ಷಿಸಬೇಕೆಂಬುದಕ್ಕೂ ಒಂದು ಸಾಲು ಬೇಕು.