ಹರಳಿನ ಮೇಲೆ ಬೆಕ್ಕಿನ ಮೀಸೆ

ಅರೆವಾಹಕಗಳ ಚರಿತ್ರೆಯನ್ನು ಸಾಮಾನ್ಯವಾಗಿ 1947ರ ಡಿಸೆಂಬರಿನಿಂದ, ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಮೊದಲ ಟ್ರಾನ್ಸಿಸ್ಟರ್ ಕೆಲಸ ಮಾಡಿದಲ್ಲಿಂದ ಹೇಳುವುದು ರೂಢಿ. ಅದಕ್ಕೂ ಕಾಲು ಶತಮಾನ ಮೊದಲೇ ಅಸಂಖ್ಯ ಮನೆಗಳಲ್ಲಿ ಅರೆವಾಹಕವೊಂದು ದಿನವೂ ದುಡಿಯುತ್ತಿತ್ತು. ಕ್ರಿಸ್ಟಲ್ ರೇಡಿಯೋದ ಹರಳು ಅದು. ಈ ಹರಳಿನ ಯಾವ ದೋಷಕ್ಕಾಗಿ ಹವ್ಯಾಸಿಗಳು ಶಪಿಸುತ್ತಿದ್ದರೋ ಆ ದೋಷದೊಳಗೇ ಮುಂದಿನ ಎಲೆಕ್ಟ್ರಾನಿಕ್ಸ್ ಕೂತಿತ್ತು. ಪ್ರಯೋಗಾಲಯಗಳು ಅದರಿಂದ ಮುಖ ತಿರುಗಿಸಿದ ಕಾಲದಲ್ಲಿ ಅದನ್ನು ಬಳಕೆಯಲ್ಲಿ ಉಳಿಸಿದವರು ಈ ಹವ್ಯಾಸಿಗಳೇ ಎಂಬುದು ನನ್ನ ವಾದ.

1922ರಲ್ಲಿ ಅಮೆರಿಕದ ಸರಕಾರಿ ಮಾನಕ ಸಂಸ್ಥೆ, ಮನೆಯಲ್ಲೇ ರೇಡಿಯೋ ಮಾಡಿಕೊಳ್ಳುವ ವಿಧಾನವನ್ನು ಕಿರುಹೊತ್ತಿಗೆಯಾಗಿ ಅಚ್ಚು ಹಾಕಿಸಿತು. ದುಂಡನೆಯ ರಟ್ಟಿನ ಡಬ್ಬಿಗೆ ತಾಮ್ರದ ತಂತಿ ಸುತ್ತಿದರೆ ಕಾಯಿಲ್. ಹೊರಗೆ ಉದ್ದದ ಆಂಟೆನಾ, ನೆಲಕ್ಕೊಂದು ಅರ್ಥ್, ಕಿವಿಗೆ ಹೆಡ್‌ಫೋನ್. ಬ್ಯಾಟರಿಯೇ ಬೇಡ, ನಿಲಯದಿಂದ ಬರುವ ತರಂಗದ ಶಕ್ತಿಯೇ ಸಾಕು. ಆ ತರಂಗ ಎರಡೂ ದಿಕ್ಕಿಗೆ ಸಮನಾಗಿ ತೂಗುವುದರಿಂದ ಹಾಗೇ ಬಿಟ್ಟರೆ ಹೆಡ್‌ಫೋನಿನ ತಗಡು ಮಿಸುಕುವುದಿಲ್ಲ. ಒಂದೇ ದಿಕ್ಕಿಗೆ ದಾರಿ ಬಿಡುವ ಕಾವಲುಗಾರ, ಎಂದರೆ ಡಿಟೆಕ್ಟರ್, ಬೇಕು. ಆ ಕೆಲಸ ಸೀಸದ ಅದಿರಾದ ಗೆಲೀನಾದ್ದು. ಹೊಳೆಯುವ ಬೂದುಬಣ್ಣದ ಈ ತುಣುಕನ್ನು ಕಡಿಮೆ ಕಾವಿಗೇ ಕರಗುವ ಲೋಹದಲ್ಲಿ ಕೂರಿಸುತ್ತಿದ್ದರು, ಕಾವು ಹೆಚ್ಚಾದರೆ ಹರಳು ಕೆಡುತ್ತದೆ ಎಂದು. ಮೇಲೆ ‘ಬೆಕ್ಕಿನ ಮೀಸೆ’ ಎಂದು ಹೆಸರಾಗಿದ್ದ ಸಪೂರ ತಂತಿಯ ತುದಿ. ಅದನ್ನು ಹರಳಿನ ಮೈಮೇಲೆ ಅಲ್ಲಿ ಇಲ್ಲಿ ತಾಗಿಸುತ್ತಾ ಹೋದರೆ ಹತ್ತು ಕಡೆ ಮೌನ, ಹನ್ನೊಂದನೆಯ ಕಡೆ ಹಾಡು. ಬೆರಳಿನ ಜಿಡ್ಡು ತಗುಲಿದರೆ ಹೋಯಿತು, ಯಾರಾದರೂ ಮೇಜು ಅಲುಗಿಸಿದರೂ ಹೋಯಿತು.

ಈ ಹರಳಿನ ವಂಶಾವಳಿಯಲ್ಲಿ ನಮ್ಮ ದೇಶದ ಪಾಲೂ ಇದೆ. ಕಲ್ಕತ್ತೆಯ ಜಗದೀಶಚಂದ್ರ ಬೋಸರು 1901ರಲ್ಲಿ ಅರ್ಜಿ ಹಾಕಿದ, 1904ರಲ್ಲಿ ಮಂಜೂರಾದ ಅಮೆರಿಕದ ಪೇಟೆಂಟಿನಲ್ಲಿ ಗೆಲೀನಾ ಡಿಟೆಕ್ಟರ್ ಇದೆ. ಹಾಗೆಂದು ಎಲ್ಲವೂ ನಮ್ಮಿಂದಲೇ ಎಂದು ಎದೆ ತಟ್ಟಿಕೊಳ್ಳಬೇಕಿಲ್ಲ: ಇಂಥ ಹರಳುಗಳಲ್ಲಿ ವಿದ್ಯುತ್ತು ಒಂದು ದಿಕ್ಕಿಗೆ ಸಲೀಸಾಗಿ ಹರಿಯುವುದನ್ನು ಜರ್ಮನಿಯ ಫರ್ಡಿನಾಂಡ್ ಬ್ರೌನ್ 1874ರಲ್ಲೇ ಕಂಡಿದ್ದ. ಸಿಲಿಕಾನ್ ಡಿಟೆಕ್ಟರಿಗೆ 1906ರಲ್ಲಿ ಪೇಟೆಂಟ್ ಪಡೆದವನು ಅಮೆರಿಕದ ಪಿಕಾರ್ಡ್. ಇವರೆಲ್ಲ ತಜ್ಞರು, ಹವ್ಯಾಸಿಗಳಿಗೇನು ಪಾಲು ಎಂದು ಕೇಳಬಹುದು. ಶೋಧದಲ್ಲಿ ಇಲ್ಲ, ಒಪ್ಪುತ್ತೇನೆ. ಅವರ ಪಾಲು ಶುರುವಾಗುವುದು ವಾಲ್ವ್, ಎಂದರೆ ನಿರ್ವಾತ ನಳಿಕೆ, ಬಂದ ಮೇಲೆ.

ವಾಲ್ವ್ ದನಿಯನ್ನು ಹಿಗ್ಗಿಸುತ್ತಿತ್ತು, ಹರಳಿನಂತೆ ಹಠ ಮಾಡುತ್ತಿರಲಿಲ್ಲ. ಎಂಜಿನಿಯರುಗಳು ಅದನ್ನು ಆರಿಸಿಕೊಂಡದ್ದು ತಪ್ಪೇನಲ್ಲ. ಆದರೆ ವಾಲ್ವಿಗೆ ದುಡ್ಡು ಬೇಕು, ಬ್ಯಾಟರಿ ಬೇಕು. ಎರಡೂ ಇಲ್ಲದವರು ಹರಳನ್ನೇ ನೆಚ್ಚಿಕೊಂಡರು. ಸೋವಿಯತ್ ರಷ್ಯಾದ ನಿಜ್ನಿ ನೊವ್‌ಗೊರೊದ್ ಪ್ರಯೋಗಾಲಯದ ತಂತ್ರಜ್ಞ ಓಲೆಗ್ ಲೋಸೆವ್, ಸತುವಿನ ಅದಿರಿನ ಹರಳಿನಿಂದ ವಾಲ್ವಿನಂತೆಯೇ ಸಂಕೇತ ಹಿಗ್ಗಿಸಬಹುದೆಂದು ತೋರಿಸಿದ. 1924ರಲ್ಲಿ ಅದಕ್ಕೆ ಅಮೆರಿಕದಲ್ಲಿ ಪ್ರಚಾರ ಕೊಟ್ಟದ್ದು ‘ರೇಡಿಯೋ ನ್ಯೂಸ್’ ಎಂಬ ಹವ್ಯಾಸಿಗಳ ಪತ್ರಿಕೆ. ಹರಳಿನ ಮೊನೆಯಲ್ಲಿ ಬೆಳಕು ಮಿನುಗುವುದನ್ನು, ಎಂದರೆ ಇಂದಿನ ಎಲ್‌ಇಡಿಯ ಮೊದಲ ರೂಪವನ್ನು, ಅವನು ಅಳೆದು ಬರೆದದ್ದೂ ಆ ದಶಕದಲ್ಲೇ. ಲೆನಿನ್‌ಗ್ರಾಡಿನ ಮುತ್ತಿಗೆಯ ಕಾಲದಲ್ಲಿ, 1942ರಲ್ಲಿ, ಹಸಿವಿನಿಂದ ತೀರಿಕೊಂಡ.

1930ರ ದಶಕದಲ್ಲಿ ಬೆಲ್ ಪ್ರಯೋಗಾಲಯದ ಜಾರ್ಜ್ ಸೌತ್‌ವರ್ತ್ ಅತಿ ಕಿರುತರಂಗಗಳ ಬೆನ್ನು ಹತ್ತಿದ್ದ. ಅಷ್ಟು ವೇಗದ ಕಂಪನಕ್ಕೆ ವಾಲ್ವ್ ಸೋತಿತು. ಆಗ ಅವನು ನ್ಯೂಯಾರ್ಕಿನಲ್ಲಿ ಹಳೆಯ ರೇಡಿಯೋ ಸಾಮಾನು ಮಾರುವ ಕಡೆ ಹೋಗಿ ಕ್ರಿಸ್ಟಲ್ ಡಿಟೆಕ್ಟರುಗಳನ್ನು ಕೊಂಡುತಂದ; ಅವು ಕೆಲಸ ಮಾಡಿದವು. ಸಿಲಿಕಾನ್ ಏಕೆ ಒಂದು ಜಾಗದಲ್ಲಿ ಒಲಿದು ಪಕ್ಕದ ಜಾಗದಲ್ಲಿ ಮುನಿಯುತ್ತದೆ ಎಂದು ಹುಡುಕಹೊರಟ ಸಹೋದ್ಯೋಗಿ ರಸೆಲ್ ಓಲ್‌ಗೆ, 1940ರಲ್ಲಿ, ಬೆಳಕು ಬಿದ್ದೊಡನೆ ಅರ್ಧ ವೋಲ್ಟಿನಷ್ಟು ಕೊಡುವ ತುಂಡೊಂದು ಸಿಕ್ಕಿತು. ಎರಕ ತಣಿಯುವಾಗ ಕಲಬೆರಕೆಯ ಅಂಶಗಳು ಬೇರೆಬೇರೆ ಕಡೆ ನಿಂತು, ಆ ತುಂಡಿನೊಳಗೆ ಎರಡು ಗುಣದ ಸಿಲಿಕಾನ್ ಒಂದಕ್ಕೊಂದು ಅಂಟಿಕೊಂಡಿದ್ದವು. ಇಂದಿನ ಡಯೋಡು, ಸೌರಫಲಕಗಳಿಗೆ ಆಧಾರ ಇಂಥ ಗಡಿಯೇ. ಹವ್ಯಾಸಿಗಳು ತಂತಿಯ ಮೊನೆಯಿಂದ ತಡಕಾಡುತ್ತಿದ್ದುದೂ ಇದೇ ಕಲಬೆರಕೆಯ ಏರುಪೇರನ್ನು. ಕ್ವಾಂಟಮ್ ಸಿದ್ಧಾಂತ ಮತ್ತು ಯುದ್ಧಕಾಲದ ಲೋಹಶುದ್ಧಿ ಇಲ್ಲದೆ ಟ್ರಾನ್ಸಿಸ್ಟರ್ ಹುಟ್ಟುತ್ತಿರಲಿಲ್ಲ ಎಂಬ ಆಕ್ಷೇಪ ಸರಿಯೇ. ಉತ್ತರ ಕೊಟ್ಟದ್ದು ಸಿದ್ಧಾಂತ. ಪ್ರಶ್ನೆ ಮಾತ್ರ ಹಳೇ ಸಾಮಾನಿನ ಅಂಗಡಿಯಲ್ಲಿ ಧೂಳು ಹಿಡಿದು ಕಾಯುತ್ತಿತ್ತು, ಅದೂ ಒಂದು ಕಾಲಕ್ಕೆ ಮನೆಮನೆಯಲ್ಲಿ ಗಿರಾಕಿಗಳಿದ್ದುದರಿಂದ.

ರೇಡಾರಿಗೆಂದು ಬಂದ ಸಿಲಿಕಾನ್ ಡಯೋಡಿನೊಳಗೂ, ಯುದ್ಧ ಮುಗಿದ ಮೇಲಿನ ಜರ್ಮೇನಿಯಂ ಡಯೋಡಿನ ಗಾಜಿನೊಳಗೂ ಇದ್ದದ್ದು ಬೆಕ್ಕಿನ ಮೀಸೆಯೇ, ಅಲುಗದಂತೆ ಮುಚ್ಚಿಟ್ಟದ್ದು. ಬೆಂಗಳೂರಿನ ಬಿಇಎಲ್ ಕಾರ್ಖಾನೆ 1962ರಲ್ಲಿ ಜರ್ಮೇನಿಯಂ ಅರೆವಾಹಕಗಳನ್ನು ತಯಾರಿಸತೊಡಗಿತು. ಬ್ಯಾಟರಿ ಇಲ್ಲದ ಸೆಟ್ ಕಟ್ಟುವವರು ಇಂದಿಗೂ ಅಂಗಡಿಯಲ್ಲಿ ಕೇಳುವುದು ಜರ್ಮೇನಿಯಂ ಡಯೋಡನ್ನೇ. ಸಾಧಾರಣ ಸಿಲಿಕಾನ್ ಡಯೋಡ್ ಬಾಗಿಲು ತೆರೆಯಲು ಸುಮಾರು 0.6 ವೋಲ್ಟ್ ಕೇಳುತ್ತದೆ, ಜರ್ಮೇನಿಯಂಗೆ ಅದರ ಅರ್ಧಕ್ಕಿಂತ ಕಡಿಮೆ ಸಾಕು. ಆಂಟೆನಾದಿಂದ ಇಳಿದು ಬರುವ ದುರ್ಬಲ ಸಂಕೇತಕ್ಕೆ ಅಷ್ಟು ವ್ಯತ್ಯಾಸವೂ ದೊಡ್ಡದು.